ಹಳೇ ಬೈಕ್ ನಿಂತರೆ ಮೊದಲು ಪ್ಲಗ್ ಬಿಚ್ಚಿ

ಬೈಕ್ ಕೈಕೊಟ್ಟ ಕೂಡಲೇ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚುವ ಚಟ ನನಗೂ ಇತ್ತು. ಈಗ ಮೊದಲು ಆ ಮಿಶ್ರಣಕ್ಕೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ ಬಿಚ್ಚುತ್ತೇನೆ. ಇಂಜಿನ್ನಿನ ಜಾತಕ ಅದರ ತುದಿಯಲ್ಲೇ ಇರುತ್ತೆ. ತಿಳಿ ಕಂದು ಬಣ್ಣ ಇದ್ದರೆ ಚಿಂತೆಯಿಲ್ಲ. ಒಣ ಮಸಿ ಹಿಡಿದಿದ್ದರೆ ಗಾಳಿ ಸಾಲುತ್ತಿಲ್ಲ, ಏರ್ ಫಿಲ್ಟರ್ ನೋಡಿ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಎಣ್ಣೆ ಜಿಡ್ಡಿದ್ದರೆ ಎಣ್ಣೆ ಒಳನುಗ್ಗದಂತೆ ತಡೆಯುವ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು, ಜೇಬು ಗಟ್ಟಿ ಮಾಡಿಕೊಳ್ಳಿ.

ಕಿಕ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಕಿಡಿಯ ಮೇಲೆ ಅನುಮಾನ: ಒರೆಸಿ, ವೈರಿನ ತುದಿಯ ಕ್ಯಾಪಿಗೆ ಸಿಕ್ಕಿಸಿ, ಲೋಹದ ಮೈಯನ್ನು ಇಂಜಿನ್ನಿಗೆ ತಾಗಿಸಿ ಕಿಕ್ ಹೊಡೆಯಿರಿ. ಚಟ್ ಎಂದು ನೀಲಿ ಕಿಡಿ ಬರಬೇಕು. ಪ್ಲಗ್ ಕೂರುವ ತೂತಿನಿಂದ ದೂರ ಹಿಡಿಯಿರಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತೆ.

ನನ್ನ ಗಾಡಿ ಒಮ್ಮೆ ಹತ್ತು ನಿಮಿಷ ಓಡಿ ನಿಲ್ಲೋದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡೋದು. ಕಾರ್ಬುರೇಟರ್ ಎರಡು ಸಲ ತೊಳೆದೆ, ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ನಿಂತ ಜಾಗದಲ್ಲೇ ಟ್ಯಾಂಕ್ ಮುಚ್ಚಳ ತೆಗೆದರೆ ಬುಸ್ಸೆಂದು ಗಾಳಿ ಒಳಗೆಳೆಯಿತು! ಮುಚ್ಚಳದ ಗಾಳಿತೂತಿನಲ್ಲಿ ನಾನೇ ಬಳಿದಿದ್ದ ಪಾಲಿಶ್ ಗಟ್ಟಿಯಾಗಿ ಕೂತಿತ್ತು; ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಕೆಳಗಿಳಿಯುತ್ತಿರಲಿಲ್ಲ. ಸೂಜಿಯಿಂದ ಕೆದಕಿದೆ, ಅಷ್ಟೇ.