ಡಯಾಲಿಸಿಸ್ ರೋಗಿಯ ಸಕ್ಕರೆಯ ಲೆಕ್ಕ ಇಡುವುದು ಹೇಗೆ?

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿರುವ ನನ್ನ ಅಕ್ಕ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾಳೆ. ಅವಳ ಎಚ್‌ಬಿಎ1ಸಿ, ಅಂದರೆ ‘ಮೂರು ತಿಂಗಳ ಸಕ್ಕರೆ’, ಶೇ 6 ಎಂದು ಬಂದಾಗ ಮನೆಯವರೆಲ್ಲ ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಆದರೆ ಅದೇ ವಾರ ಬರಿಹೊಟ್ಟೆಯ ಸಕ್ಕರೆ ಒಂದು ದಿನವೂ ಡೆಸಿಲೀಟರಿಗೆ 180 ಮಿಲಿಗ್ರಾಂ ಕೆಳಗೆ ಇಳಿದಿರಲಿಲ್ಲ. ಮಾಟುಂಗಾ, ಮುಲುಂಡ್‌ಗಳ ಪರಿಚಿತರ ಮನೆಗಳಲ್ಲೂ ಎಚ್‌ಬಿಎ1ಸಿಯನ್ನಷ್ಟೇ ನಂಬುವ ಇದೇ ತಪ್ಪನ್ನು ಕಂಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂಬುದೇ ಎಚ್‌ಬಿಎ1ಸಿ. ಆರೋಗ್ಯವಂತರಲ್ಲಿ ಆ ಕಣ ಸುಮಾರು 120 ದಿನ ಬಾಳುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದಕ್ಕಿಂತ ಬೇಗ ಸಾಯುತ್ತದೆ. ಜೊತೆಗೆ ಎರಿಥ್ರೊಪೊಯೆಟಿನ್ ಚುಚ್ಚುಮದ್ದು ಹೊಸ ಕಣಗಳನ್ನು ಹುಟ್ಟಿಸುತ್ತದೆ. ಎಳೆಯ ಕಣಕ್ಕೆ ಸಕ್ಕರೆ ಅಂಟಲು ಸಮಯವೇ ಸಿಗದೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ರೋಗಿಗೆ ಬೇರೆಯವರ ರಕ್ತ ಏರಿಸಿದ್ದರೂ ವರದಿಯನ್ನು ನಂಬುವಂತಿಲ್ಲ.

ಮೊದಲು ಒಂದು ಗ್ಲುಕೋಮೀಟರ್, ಒಂದು ಗೆರೆಪುಸ್ತಕ ಕೊಳ್ಳಿ. ಮೊಬೈಲ್ ಆ್ಯಪ್‌ಗಿಂತ ಪುಸ್ತಕವೇ ಮೇಲು, ವೈದ್ಯರು ಒಂದೇ ನೋಟದಲ್ಲಿ ಓದುತ್ತಾರೆ. ಮುಂಬಯಿಯ ಮಳೆಗಾಲದ ತೇವಕ್ಕೆ ಮೀಟರಿನ ಪರೀಕ್ಷಾ ಪಟ್ಟಿಗಳು (ಸ್ಟ್ರಿಪ್) ಕೆಡುತ್ತವೆ. ಅವನ್ನು ಮೂಲ ಡಬ್ಬಿಯಲ್ಲೇ ಮುಚ್ಚಿಡಿ, ಬಿಡಿಯಾಗಿ ಸಿಗುವ ಅಗ್ಗದ ಪಟ್ಟಿಗಳನ್ನು ಕೊಳ್ಳಲೇಬೇಡಿ.

ಫಿಸ್ಟುಲಾ (ಡಯಾಲಿಸಿಸ್ ಸೂಜಿಗಾಗಿ ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಯನ್ನು ಬಿಟ್ಟು, ಇನ್ನೊಂದು ಕೈಯನ್ನು ಸೋಪಿನಿಂದ ತೊಳೆದು ಒರೆಸಿ ಬೆರಳು ಚುಚ್ಚಿ. ಮಾವಿನಹಣ್ಣು ಸುಲಿದ ಬೆರಳು 300ನ್ನೂ ತೋರಿಸೀತು.

ಎಲ್ಲರೂ ಎಡವುವುದು ಡಯಾಲಿಸಿಸ್ ದಿನದ ಅಳತೆಯಲ್ಲಿ. ಯಂತ್ರದ ದ್ರಾವಣದಲ್ಲಿ ಸಾಮಾನ್ಯವಾಗಿ ಡೆಸಿಲೀಟರಿಗೆ 100 ಮಿಲಿಗ್ರಾಂ ಆಸುಪಾಸಿನ ಗ್ಲುಕೋಸ್ ಇರುವುದರಿಂದ ನಾಲ್ಕು ಗಂಟೆಯಲ್ಲಿ ರಕ್ತದ ಸಕ್ಕರೆ ಅದರ ಹತ್ತಿರಕ್ಕೆ ಸರಿಯುತ್ತದೆ; ಮುಗಿದ ಕೂಡಲೇ ಅಳೆದು ‘ಹತೋಟಿಗೆ ಬಂತು’ ಎನ್ನುವುದು ತಪ್ಪು, ಏಕೆಂದರೆ ಕೆಲವು ಗಂಟೆಗಳಲ್ಲಿ ಅದು ಮತ್ತೆ ಏರಬಹುದು. ಆದ್ದರಿಂದ ಸೂಜಿ ಹಾಕುವ ಮುನ್ನ, ಮುಗಿದ ಮೇಲೆ, ರಾತ್ರಿ ಮಲಗುವ ಮುನ್ನ ಮೂರು ಸಲ ಅಳೆದು, ಪ್ರತಿ ಅಂಕಿಯ ಪಕ್ಕದಲ್ಲಿ ಊಟದ ಹೊತ್ತನ್ನೂ ಇನ್ಸುಲಿನ್ ಯೂನಿಟ್ಟನ್ನೂ ಬರೆಯಿರಿ. ಡಯಾಲಿಸಿಸ್ ಇಲ್ಲದ ದಿನ ಬರಿಹೊಟ್ಟೆಯಲ್ಲಿ ಮತ್ತು ಊಟದ ಎರಡು ಗಂಟೆ ಬಳಿಕ ಅಳೆದರೆ ಸಾಕು.

ತಿಂಗಳ ಕೊನೆಗೆ ಸರಾಸರಿ ತೆಗೆಯಿರಿ. ಎಚ್‌ಬಿಎ1ಸಿ 6 ಎಂದರೆ ಸರಾಸರಿ 126ರ ಆಸುಪಾಸು ಇರಬೇಕು. ಪುಸ್ತಕ 180 ಎಂದರೆ ನಾನಂತೂ ಪುಸ್ತಕವನ್ನೇ ನಂಬುತ್ತೇನೆ. ಗ್ಲೈಕೇಟೆಡ್ ಅಲ್ಬುಮಿನ್, ಅಂದರೆ ರಕ್ತದ ಅಲ್ಬುಮಿನ್ ಪ್ರೋಟೀನಿಗೆ ಅಂಟಿದ ಸಕ್ಕರೆಯ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ: ಅದು ಎರಡು-ಮೂರು ವಾರಗಳ ಚಿತ್ರ ಕೊಡುತ್ತದೆ, ರಕ್ತಕಣದ ಆಯುಸ್ಸನ್ನು ಅವಲಂಬಿಸುವುದಿಲ್ಲ. ದೇಹದಿಂದ ಪ್ರೋಟೀನ್ ಸೋರಿಹೋಗುವವರಲ್ಲಿ ಮಾತ್ರ ಅದೂ ಕಡಿಮೆ ತೋರಿಸುತ್ತದೆ.

ಹೊಟ್ಟೆಯ ಡಯಾಲಿಸಿಸ್‌ನಲ್ಲಿ ಐಕೋಡೆಕ್ಸ್‌ಟ್ರಿನ್ ದ್ರಾವಣ ಬಳಸುವವರು ಮೀಟರ್ ಕೊಳ್ಳುವ ಮುನ್ನವೇ ವಿಚಾರಿಸಬೇಕು. ಕೆಲವು ಬಗೆಯ ಪಟ್ಟಿಗಳು ಅದರಿಂದ ಹುಟ್ಟುವ ಮಾಲ್ಟೋಸನ್ನು ಗ್ಲುಕೋಸೆಂದು ಎಣಿಸಿ ಅಪಾಯಕರವಾಗಿ ಹೆಚ್ಚು ತೋರಿಸುತ್ತವೆ.

ಮೂತ್ರಪಿಂಡ ಸೋತಾಗ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ನಸುಕಿನಲ್ಲಿ ಸಕ್ಕರೆ ಕುಸಿಯಬಹುದು. 70ಕ್ಕಿಂತ ಇಳಿದರೆ ಎಳನೀರು, ಕಿತ್ತಳೆ ರಸ ಕೊಡಬೇಡಿ, ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. 15 ಗ್ರಾಂ ಗ್ಲುಕೋಸ್ ಪುಡಿಯನ್ನು ಸ್ವಲ್ಪವೇ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಅಳೆಯಿರಿ. ಆ ಅಂಕಿಯನ್ನೂ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಮರುದಿನವೇ ವೈದ್ಯರಿಗೆ ತೋರಿಸಿ.