ಎಲ್ಲಕ್ಕೂ ‘ವಿವೇಕ’ ಎಂದು ಬರೆದರೆ ಆಗದು

ಮಂಡ್ಯದಲ್ಲಿ ಕರಾರು, ವಿಲ್ಲು, ನೋಟಿಸುಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನದು. ರೀಸನಬಲ್, ರ‍್ಯಾಷನಲ್, ಸೆನ್ಸಿಬಲ್, ಪ್ರೂಡೆಂಟ್, ಜುಡಿಷಿಯಸ್ ಪದಗಳಿಗೆ ನಿಘಂಟಿನಲ್ಲಿ ವಿವೇಕ, ವಿವೇಚನೆ, ಯುಕ್ತ ಎಂಬವೇ ತಿರುತಿರುಗಿ ಸಿಗುತ್ತವೆ. ಅದಕ್ಕೇ ನಿಘಂಟನ್ನು ಕೊನೆಗೆ ತೆರೆಯುತ್ತೇನೆ. ಮೊದಲು ಆ ಪದ ಯಾವುದರ ಪಕ್ಕ ಕೂತಿದೆ ಎಂದು ನೋಡುತ್ತೇನೆ: ಮನುಷ್ಯನೋ, ಬೆಲೆಯೋ, ವಾದವೋ? ಆಮೇಲೆ ಅದರ ವಿರುದ್ಧ ಪದ ಇಟ್ಟು ನೋಡುತ್ತೇನೆ.

ರೀಸನಬಲ್‌ಗೆ ವಿರುದ್ಧವೆಂದರೆ ಅತಿಯಾದದ್ದು, ಸಲ್ಲದ್ದು. ಹಾಗಾಗಿ ಬೆಲೆಯ ಜೊತೆ ಬಂದರೆ ‘ನ್ಯಾಯವಾದ ಬೆಲೆ’, ಕಾಲಾವಧಿಯ ಜೊತೆ ಬಂದರೆ ‘ತಕ್ಕಷ್ಟು ಕಾಲ’. ಎಷ್ಟು ದಿನ ಎಂದು ಅಲ್ಲಿ ನಾವೇ ಅಂಕಿ ತುಂಬಬಾರದು; ಅದು ಆಯಾ ಸಂದರ್ಭದ ಸಂಗತಿ ನೋಡಿ ತೀರ್ಮಾನಿಸುವ ವಿಷಯವೆಂದು 1872ರ ಕರಾರು ಕಾಯ್ದೆಯ 46ನೇ ಕಲಮೇ ಹೇಳುತ್ತದೆ. ರ‍್ಯಾಷನಲ್‌ಗೆ ವಿರುದ್ಧ, ತರ್ಕಕ್ಕೆ ನಿಲ್ಲದ್ದು. ಕಬ್ಬಿನ ಸಾಲ ಕೊಟ್ಟವನು ಮರುದಿನವೇ ಪೂರ್ತಿ ಹಣ ಕೇಳಿದರೆ ಅವನ ಲಾಭದ ಲೆಕ್ಕ ರ‍್ಯಾಷನಲ್ ಇರಬಹುದು, ಬೇಡಿಕೆ ಮಾತ್ರ ರೀಸನಬಲ್ ಅಲ್ಲ. ಎರಡಕ್ಕೂ ‘ವಿವೇಕಯುತ’ ಎಂದು ಬರೆದರೆ ಈ ಅಂತರವೇ ಅಳಿಸಿಹೋಗುತ್ತದೆ.

ಪ್ರೂಡೆಂಟ್‌ನಲ್ಲಿ ಮುಂದಾಲೋಚನೆ ಇರಲೇಬೇಕು. ಲ್ಯಾಟಿನ್ ಮೂಲದಲ್ಲೇ ‘ಮುಂದೆ ನೋಡುವ’ ಅರ್ಥವಿದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬರುವುದು ಖಾತ್ರಿಯಿಲ್ಲವೆಂದು ಭತ್ತದ ಒಟ್ಲು (ಸಸಿಮಡಿ) ಬಿಡದೆ ರಾಗಿ ಹಾಕಿದ ರೈತ ಪ್ರೂಡೆಂಟ್. ಸೆನ್ಸಿಬಲ್ ಅಷ್ಟು ದೂರ ಹೋಗುವುದಿಲ್ಲ, ‘ಬುದ್ಧಿವಂತಿಕೆಯ’ ಎಂದರೆ ಸಾಕು. ಸೆನ್ಸಿಟಿವ್ ಜೊತೆ ಬೆರೆಸಬೇಡಿ, ಅದು ‘ಸೂಕ್ಷ್ಮ’. ಜುಡಿಷಿಯಸ್ ಎಂದರೆ ‘ಅಳೆದು ತೂಗಿದ’. ನ್ಯಾಯಾಲಯಕ್ಕೆ ಸೇರಿದ್ದು ಜುಡಿಷಿಯಲ್.

ಹೆಚ್ಚು ಎಡವಟ್ಟಾಗುವುದು ‘ಸೌಂಡ್ ಮೈಂಡ್’ನಲ್ಲಿ. ಸದ್ದು ಎಂಬ ಅರ್ಥದ ಸೌಂಡ್ ಬೇರೆ ಮೂಲದ ಪದ. ಇದು ‘ಆರೋಗ್ಯವಾಗಿರುವ’ ಎಂಬ ಹಳೆಯ ಇಂಗ್ಲಿಷ್ ಪದದಿಂದ ಬಂದದ್ದು. ‘ಒಳ್ಳೆಯ ಮನಸ್ಸಿನ’ ಎಂದು ಬರೆದರೆ ಗುಣನಡತೆಯ ಸರ್ಟಿಫಿಕೇಟ್ ಆಗುತ್ತದೆ. ವಿಲ್ಲಿನಲ್ಲಿ ರೂಢಿಯಲ್ಲಿರುವ ‘ಸ್ವಸ್ಥಚಿತ್ತ’ವೇ ಸರಿ. ಕರಾರು ಕಾಯ್ದೆಯ 12ನೇ ಕಲಮಿನ ಪ್ರಕಾರ, ಕರಾರು ಮಾಡಿಕೊಳ್ಳುವ ಹೊತ್ತಿಗೆ ಅದು ಅರ್ಥವಾಗಬೇಕು, ತನ್ನ ಹಿತಕ್ಕೆ ಅದರಿಂದ ಏನಾದೀತೆಂದು ತೂಗಿ ನೋಡುವ ಶಕ್ತಿಯೂ ಇರಬೇಕು. ‘ಆ ಹೊತ್ತಿಗೆ’ ಎಂಬುದನ್ನು ಅನುವಾದದಲ್ಲಿ ಬಿಡಲೇಬಾರದು. ಸಾಮಾನ್ಯವಾಗಿ ಚಿತ್ತ ಸ್ವಸ್ಥವಿಲ್ಲದವರೂ ಸ್ವಸ್ಥವಾಗಿರುವ ವೇಳೆಯಲ್ಲಿ ಕರಾರು ಮಾಡಬಹುದೆಂದು ಅದೇ ಕಲಮು ಹೇಳುತ್ತದೆ.

ಡಿಸ್ಕ್ರೆಷನ್‌ಗೆ ಎರಡು ಮುಖ. ಅಧಿಕಾರಿಗೆ ಸೇರಿದ್ದಾದರೆ ‘ವಿವೇಚನಾಧಿಕಾರ’, ಮನೆಯ ವಿಷಯದ ಪತ್ರದಲ್ಲಿ ಬಂದರೆ ಬಹುಪಾಲು ‘ಗುಟ್ಟು ಬಿಡದಿರುವುದು’.