ವಿನಿಮಯ ವಿದ್ಯಾರ್ಥಿಗಳ ನಾಯಕತ್ವ ಶಿಬಿರಕ್ಕೆ ಹಣ ಹೊಂದಿಸುವುದು ಹೇಗೆ?

ಯುವ ವಿನಿಮಯ ಸಮಿತಿಯ ಸಭೆಯಲ್ಲಿ ಶಿಬಿರದ ಖರ್ಚಿನ ಮಾತು ಬಂದ ಕೂಡಲೇ ಯಾರಾದರೊಬ್ಬರು ಊರಿನ ದೊಡ್ಡ ವರ್ತಕರ ಹೆಸರು ಹೇಳುತ್ತಾರೆ. ‘ಅವರನ್ನು ಕೇಳಿದರೆ ಪೂರ್ತಿ ಕೊಟ್ಟಾರು’ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಆ ವರ್ತಕರು ಕೊಡದಿದ್ದರೆ ಶಿಬಿರವೇ ಇಲ್ಲ, ಕೊಟ್ಟರೆ ಶಿಬಿರ ಅವರ ಹೆಸರಿನ ಸಮಾರಂಭವಾಗಿಬಿಡುತ್ತದೆ. ಹಣದ ಮೂಲಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚೇ ಇವೆ, ಆದರೆ ಒಂದೊಂದು ಚೀಲಕ್ಕೂ ಒಂದೊಂದು ಬೀಗವಿದೆ: ಒಂದರಿಂದ ಊಟದ ಖರ್ಚು ತೆಗೆಯಬಹುದು, ವಿಮಾನದ ಟಿಕೆಟ್ಟಿಗೆ ಆಗದು, ಇನ್ನೊಂದರಿಂದ ತರಬೇತುದಾರರಿಗೆ ಕೊಡಬಹುದು, ಬ್ಯಾನರಿಗೆ ಕೊಡುವಂತಿಲ್ಲ. ಆದ್ದರಿಂದ ಖರ್ಚನ್ನು ಬಿಡಿಬಿಡಿಯಾಗಿ ಬರೆದು, ಯಾವ ಬಾಬಿಗೆ ಯಾವ ಮೂಲ ಎಂದು ನಿಗದಿಪಡಿಸಿಕೊಂಡ ಮೇಲೆಯೇ ಕೇಳಲು ಹೊರಡುವುದು ಸರಿಯಾದ ಕ್ರಮ. ಸೇವಾಸಂಸ್ಥೆಯಾದ ರೋಟರಿ, ಹುಡುಗರನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕಳಿಸುವ ತನ್ನ ಯುವ ವಿನಿಮಯ ಕಾರ್ಯಕ್ರಮವನ್ನು ನಡೆಸುತ್ತದೆ; ಅದನ್ನು ಉದಾಹರಣೆಯಾಗಿಟ್ಟುಕೊಂಡು, ಕರ್ನಾಟಕದ ಒಂದು ಕ್ಲಬ್ಬು ಈ ಕೆಲಸವನ್ನು ಹೇಗೆ ಮಾಡಬಹುದೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಯಾರ ಖರ್ಚು ಯಾರದು

ರೋಟರಿಯಲ್ಲಿ ಯುವ ವಿನಿಮಯ ಮೊದಲಾದದ್ದು 1927ರಲ್ಲಿ, ಫ್ರಾನ್ಸಿನ ನೀಸ್ ನಗರದ ಕ್ಲಬ್ಬಿನಿಂದ. ಈಗ ಅದರಲ್ಲಿ ಎರಡು ಬಗೆಗಳಿವೆ. ದೀರ್ಘಾವಧಿಯದರಲ್ಲಿ ವಿದ್ಯಾರ್ಥಿ ಒಂದು ಶೈಕ್ಷಣಿಕ ವರ್ಷ ಪೂರ್ತಿ ಪರದೇಶದ ಶಾಲೆಯಲ್ಲಿ ಓದುತ್ತಾ, ಒಂದಕ್ಕಿಂತ ಹೆಚ್ಚು ಆತಿಥೇಯ ಕುಟುಂಬಗಳಲ್ಲಿ ಇರುತ್ತಾನೆ. ಅಲ್ಪಾವಧಿಯದು ಕೆಲವು ದಿನಗಳಿಂದ ಮೂರು ತಿಂಗಳವರೆಗೆ ನಡೆಯುತ್ತದೆ. ನಾಯಕತ್ವ ತರಬೇತಿಗೆ ಇರುವುದು ಬೇರೆಯದೇ ಕಾರ್ಯಕ್ರಮ. ಅದನ್ನು ರೈಲಾ ಎಂದು ಕರೆಯುತ್ತಾರೆ, 14ರಿಂದ 30 ವರ್ಷದವರಿಗಾಗಿ ಕ್ಲಬ್ಬುಗಳೋ ಜಿಲ್ಲೆಗಳೋ ನಡೆಸುವ, ಸಾಮಾನ್ಯವಾಗಿ 3ರಿಂದ 10 ದಿನಗಳ ಶಿಬಿರ ಅದು. 1959ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಬ್ರಿಟನ್ನಿನ ರಾಜಕುಮಾರಿ ಅಲೆಕ್ಸಾಂಡ್ರಾ ಅವರ ಭೇಟಿಗೆಂದು ಕರೆತಂದ ಯುವಜನರನ್ನು ಕಂಡ ಬ್ರಿಸ್ಬೇನಿನ ರೋಟೇರಿಯನ್ನರು, ಇಂಥವರನ್ನು ವರ್ಷಕ್ಕೊಮ್ಮೆಯಾದರೂ ಸೇರಿಸಬೇಕೆಂದುಕೊಂಡದ್ದರಿಂದ ಹುಟ್ಟಿದ ಈ ಕಾರ್ಯಕ್ರಮವನ್ನು 1971ರಲ್ಲಿ ರೋಟರಿ ಇಂಟರ್‌ನ್ಯಾಷನಲ್ ತನ್ನದಾಗಿಸಿಕೊಂಡಿತು.

ವಿನಿಮಯದಲ್ಲಿ ಖರ್ಚಿನ ಹಂಚಿಕೆ ಬಹುಮಟ್ಟಿಗೆ ಮೊದಲೇ ನಿಗದಿಯಾಗಿರುತ್ತದೆ. ವಿಮಾನದ ಪ್ರಯಾಣ, ವಿಮೆ, ಪಾಸ್‌ಪೋರ್ಟು, ವೀಸಾ ಇವು ವಿದ್ಯಾರ್ಥಿಯ ತಂದೆತಾಯಿಯ ಪಾಲು. ಊಟ ಮತ್ತು ವಸತಿಯನ್ನು ಆತಿಥೇಯ ಕುಟುಂಬ ಸಂಭಾವನೆಯಿಲ್ಲದೆ ಕೊಡುತ್ತದೆ. ಆತಿಥೇಯ ಕ್ಲಬ್ಬು ತಿಂಗಳಿಗಿಷ್ಟು ಕೈಖರ್ಚು ಕೊಡುತ್ತದೆ, ಶಾಲೆಯ ಏರ್ಪಾಡು ನೋಡಿಕೊಳ್ಳುತ್ತದೆ. ಈ ಹಂಚಿಕೆಯಲ್ಲಿ ನಾಯಕತ್ವ ತರಬೇತಿಗೆ ಜಾಗವಿಲ್ಲ. ಅದು ಯಾರ ಪಾಲಿಗೂ ಬಾರದ ಬಾಬು, ಹೀಗಾಗಿ ಬಹಳ ಕಡೆ ಅದು ನಡೆಯುವುದೇ ಇಲ್ಲ. ಹೊರಗಿನಿಂದ ಬಂದ ಹುಡುಗ ಹಂಪಿ, ಮೈಸೂರು ಅರಮನೆ, ಎರಡು ಮದುವೆ ನೋಡಿಕೊಂಡು ಹಿಂತಿರುಗುತ್ತಾನೆ. ವಿನಿಮಯ ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕ ಶಿಬಿರ ಮಾಡುವುದಕ್ಕಿಂತ, ಅವರನ್ನು ಸ್ಥಳೀಯ ರೈಲಾದಲ್ಲಿ ನಮ್ಮ ಹುಡುಗರ ಜೊತೆಯಲ್ಲೇ ಕೂರಿಸುವುದು ಮೇಲೆಂಬುದು ನನ್ನ ಅಭಿಪ್ರಾಯ. ತಲೆಗೆ ಬೀಳುವ ಖರ್ಚು ಇಳಿಯುತ್ತದೆ, ಹಣ ಕೇಳುವಾಗ ‘ಇದರಿಂದ ನಮ್ಮ ಊರಿನ ಮಕ್ಕಳಿಗೇನು’ ಎಂಬ ಪ್ರಶ್ನೆಗೆ ಉತ್ತರವೂ ಸಿದ್ಧವಾಗಿರುತ್ತದೆ.

ಮೊದಲು ಲೆಕ್ಕದ ಹಾಳೆ

ಒಂದು ಅಂದಾಜನ್ನು ಮಾಡಿ ನೋಡೋಣ. ಇಲ್ಲಿನ ದರಗಳು ಲೆಕ್ಕದ ರೀತಿಯನ್ನು ತೋರಿಸಲಷ್ಟೇ, ನಿಮ್ಮ ಊರಿನ ದರವನ್ನು ನೀವೇ ಹಾಕಿಕೊಳ್ಳಬೇಕು. ಶಿಬಿರ ನಾಲ್ಕು ದಿನ, ಶಿಬಿರಾರ್ಥಿಗಳು 40 ಮಂದಿ, ಅವರಲ್ಲಿ 6 ಮಂದಿ ವಿನಿಮಯ ವಿದ್ಯಾರ್ಥಿಗಳು; ಜೊತೆಗೆ 8 ಮಂದಿ ಹಿರಿಯರು. ಊಟ ವಸತಿಗೆ ತಲೆಗೆ ದಿನಕ್ಕೆ 900 ರೂಪಾಯಿಯಂತೆ 48 ಮಂದಿಗೆ 1,72,800 ರೂಪಾಯಿ. ಬಸ್ಸಿಗೆ 45,000, ತರಬೇತುದಾರರ ಪ್ರಯಾಣ ಮತ್ತು ಗೌರವಧನಕ್ಕೆ 40,000, ಶಿಬಿರದ ಸಾಮಗ್ರಿಗೆ 24,000, ವೈದ್ಯಕೀಯ ವ್ಯವಸ್ಥೆ ಮತ್ತು ಗುಂಪು ವಿಮೆಗೆ 15,000, ಮುಂಗಾಣದ ಖರ್ಚಿಗೆಂದು 15,200. ಒಟ್ಟು 3,12,000 ರೂಪಾಯಿ, ಅಂದರೆ ಶಿಬಿರಾರ್ಥಿಯೊಬ್ಬನಿಗೆ 7,800. ಹಿರಿಯರ ಊಟವನ್ನು ಲೆಕ್ಕದಿಂದ ಮರೆಮಾಚಬೇಡಿ. ಮಕ್ಕಳ ಸುರಕ್ಷತೆಗೆ ಬೇಕಾದಷ್ಟು ಹಿರಿಯರು ಇರಲೇಬೇಕು, ಅವರು ಅನ್ನ ತಿನ್ನದೆ ಇರಲಾರರು.

ಈ ಹಾಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತಿರುವುದು ಊಟ ವಸತಿಗೆ. ಉಳಿತಾಯ ಮಾಡಬೇಕಾದದ್ದೂ ಅಲ್ಲೇ, ತರಬೇತಿಯಲ್ಲಲ್ಲ. ರೆಸಾರ್ಟಿನ ಬದಲು ದಾವಣಗೆರೆ ಬಳಿಯ ಕೊಂಡಜ್ಜಿಯ ಸ್ಕೌಟ್ ಕೇಂದ್ರದಂಥ ಶಿಬಿರದ ತಾಣವನ್ನೋ ಯೂತ್ ಹಾಸ್ಟೆಲನ್ನೋ ರಜೆಯಲ್ಲಿ ಖಾಲಿಯಿರುವ ವಸತಿ ಶಾಲೆಯನ್ನೋ ವಿಚಾರಿಸಿದರೆ ಹೊರೆ ಬಹಳಷ್ಟು ಇಳಿಯುತ್ತದೆ. ಸ್ಥಳ ಗೊತ್ತುಮಾಡುವ ಮುನ್ನ, ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅದರ ಮಾಹಿತಿಯನ್ನು ಸರ್ಕಾರಕ್ಕೆ ಸಲ್ಲಿಸುವ ವ್ಯವಸ್ಥೆ ಅಲ್ಲಿದೆಯೇ ಎಂದು ಕೇಳಿ. ಇದು ಹಣದ ವಿಷಯವಲ್ಲವೆನಿಸಬಹುದು. ಆದರೆ ಕೊನೆಯ ಗಳಿಗೆಯಲ್ಲಿ ಸ್ಥಳ ಬದಲಾಯಿಸಬೇಕಾಗಿ ಬಂದರೆ ಕೊಟ್ಟ ಮುಂಗಡ ನೀರುಪಾಲಾಗುತ್ತದೆ.

ಜಿಲ್ಲಾ ಅನುದಾನ

ರೋಟರಿಯ ‘ಜಿಲ್ಲೆ’ ಸರ್ಕಾರದ ಜಿಲ್ಲೆಯಲ್ಲ, ಹಲವು ಕಂದಾಯ ಜಿಲ್ಲೆಗಳು ಸೇರಿದ ಒಂದು ಘಟಕ. ಕೇಳಬೇಕಾದ ಮೊದಲ ಬಾಗಿಲು ಅದರದೇ. ರೋಟರಿಯ ದತ್ತಿ ಸಂಸ್ಥೆಯಾದ ರೋಟರಿ ಫೌಂಡೇಷನ್ನಿನ ಜಾಗತಿಕ ಅನುದಾನ ಯುವ ವಿನಿಮಯಕ್ಕಾಗಲಿ ರೈಲಾಕ್ಕಾಗಲಿ ಸಿಗುವುದಿಲ್ಲ. ಮೊತ್ತ ದೊಡ್ಡದೆಂದು ಅದರ ಬೆನ್ನುಹತ್ತಿ ತಿಂಗಳುಗಟ್ಟಲೆ ಕಳೆಯುವುದು ವ್ಯರ್ಥ. ಜಿಲ್ಲಾ ಅನುದಾನದಲ್ಲಿ ಮಾತ್ರ ಇವೆರಡಕ್ಕೂ ಅವಕಾಶವಿದೆ.

ಈ ಹಣ ಎಲ್ಲಿಂದ ಬರುತ್ತದೆಂಬುದು ತಿಳಿದಿದ್ದರೆ ಎಷ್ಟು ಕೇಳಬೇಕೆಂಬುದೂ ತಿಳಿಯುತ್ತದೆ. ನಿಮ್ಮ ಜಿಲ್ಲೆಯ ಕ್ಲಬ್ಬುಗಳು ಫೌಂಡೇಷನ್ನಿನ ವಾರ್ಷಿಕ ನಿಧಿಗೆ ಶೇರ್ ಎಂಬ ಹಂಚಿಕೆಯ ಪದ್ಧತಿಯಲ್ಲಿ ಕೊಟ್ಟ ದೇಣಿಗೆಯನ್ನು ಮೂರು ವರ್ಷ ಹೂಡಿಕೆಯಲ್ಲಿಡುತ್ತಾರೆ. ಅದರಲ್ಲಿ ಶೇ. 5ರಷ್ಟು ನಿರ್ವಹಣೆಗೆ ಹೋಗುತ್ತದೆ. ಉಳಿದದ್ದರಲ್ಲಿ ಅರ್ಧ ಫೌಂಡೇಷನ್ನಿನ ವಿಶ್ವನಿಧಿಗೆ, ಅರ್ಧ ಜಿಲ್ಲೆಯ ನಿಧಿಗೆ ಸೇರುತ್ತದೆ. ಆ ಜಿಲ್ಲಾ ನಿಧಿಯಲ್ಲಿ ಹೆಚ್ಚೆಂದರೆ ಅರ್ಧವನ್ನು ಜಿಲ್ಲಾ ಅನುದಾನವಾಗಿ ಪಡೆಯಬಹುದು. ಎಂದರೆ, ಈ ವರ್ಷದ ಅನುದಾನದ ಹೊಳೆ ಹರಿಯುವುದು ಮೂರು ವರ್ಷದ ಹಿಂದೆ ಬಿದ್ದ ಮಳೆಯಿಂದ. ಆ ವರ್ಷ ಜಿಲ್ಲೆಯ ದೇಣಿಗೆ ತೆಳುವಾಗಿದ್ದರೆ, ರೋಟರಿ ಜಿಲ್ಲೆಯ ಮುಖ್ಯಸ್ಥರಾದ ಗವರ್ನರು ಎಷ್ಟೇ ಆತ್ಮೀಯರಾಗಿದ್ದರೂ ಕೊಡಲು ಹಣವಿರುವುದಿಲ್ಲ. ಜಿಲ್ಲಾ ಫೌಂಡೇಷನ್ ಸಮಿತಿಯ ಅಧ್ಯಕ್ಷರಿಗೆ ಒಂದು ಫೋನು ಮಾಡಿ ಈ ಮೊತ್ತವನ್ನು ತಿಳಿದುಕೊಂಡು, ಕ್ಲಬ್ಬುಗಳ ಸಂಖ್ಯೆಯನ್ನು ಗಮನದಲ್ಲಿಟ್ಟುಕೊಂಡೇ ಅರ್ಜಿ ಬರೆಯಿರಿ. ನಮ್ಮ ಅಂದಾಜಿನ ಶಿಬಿರಕ್ಕೆ 90,000 ಕೇಳುವುದು ಗೌರವದ ಮಾತು, ಮೂರು ಲಕ್ಷ ಕೇಳುವುದು ದುಡುಕು.

ಹೆಚ್ಚಿನ ಕ್ಲಬ್ಬುಗಳು ಎಡವುವುದು ಕಾಲದ ಲೆಕ್ಕದಲ್ಲಿ. ರೋಟರಿ ವರ್ಷ ಜುಲೈ 1ಕ್ಕೆ ಮೊದಲಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಅನುದಾನವನ್ನು ಯೋಜಿಸಬೇಕಾದದ್ದು ಹಣ ಬರುವುದರ ಹಿಂದಿನ ವರ್ಷದಲ್ಲಿ, ಅಂದರೆ ಮುಂದಿನ ಅಧ್ಯಕ್ಷರು ಇನ್ನೂ ಅಧಿಕಾರ ವಹಿಸಿಕೊಳ್ಳುವ ಮೊದಲೇ. ಅದಕ್ಕೂ ಮುನ್ನ ಕ್ಲಬ್ಬು ಅರ್ಹತೆ ಪಡೆದಿರಬೇಕು: ಜಿಲ್ಲೆಯು ನಡೆಸುವ ಅನುದಾನ ನಿರ್ವಹಣೆಯ ತರಬೇತಿಗೆ ಸದಸ್ಯರೊಬ್ಬರಾದರೂ ಹೋಗಿ ಬಂದಿರಬೇಕು, ಒಡಂಬಡಿಕೆಯ ಪತ್ರಕ್ಕೆ ಸಹಿಯಾಗಿರಬೇಕು, ಅನುದಾನಕ್ಕೆಂದೇ ಬೇರೆ ಬ್ಯಾಂಕ್ ಖಾತೆ ಇದ್ದು ಕನಿಷ್ಠ ಇಬ್ಬರು ಸದಸ್ಯರು ಸಹಿ ಹಾಕುವಂತಿರಬೇಕು. ಮಂಜೂರಾಗುವ ಮೊದಲೇ ಮುಗಿದ ಶಿಬಿರಕ್ಕೆ ಹಣ ಬರುವುದಿಲ್ಲ. ‘ಮೊದಲು ಮಾಡಿಬಿಡೋಣ, ಬಿಲ್ಲು ಆಮೇಲೆ ಕೊಟ್ಟರಾಯಿತು’ ಎಂಬ ನಮ್ಮ ವಾಡಿಕೆಯ ಮಾತು ಇಲ್ಲಿ ನಡೆಯದು. ಜುಲೈ ಆಗಸ್ಟಿನಲ್ಲಿ ವಿದ್ಯಾರ್ಥಿಗಳು ಬಂದಿಳಿದ ಕೂಡಲೇ ಶಿಬಿರ ಇಟ್ಟುಕೊಂಡರೆ ಹಣ ಕೈಸೇರಿರುವುದಿಲ್ಲ; ದಸರಾ ರಜೆಗೋ ಡಿಸೆಂಬರಿಗೋ ಇಟ್ಟುಕೊಂಡರೆ ಹಣವೂ ಬಂದಿರುತ್ತದೆ, ಹುಡುಗರ ಬಾಯಲ್ಲಿ ನಾಲ್ಕು ಕನ್ನಡದ ಮಾತೂ ಆಡುತ್ತಿರುತ್ತವೆ.

ಅರ್ಜಿಯಲ್ಲಿ ಏನನ್ನು ಬರೆಯಬಾರದೆಂಬುದೂ ಮುಖ್ಯ. ಮನರಂಜನೆ, ಸಮ್ಮೇಳನ, ವಾರ್ಷಿಕೋತ್ಸವ, ನಿಧಿ ಸಂಗ್ರಹದ ಕಾರ್ಯಕ್ರಮ ಇವುಗಳಿಗೆ ಫೌಂಡೇಷನ್ನಿನ ಹಣ ಬಳಸುವಂತಿಲ್ಲ. ಶಾಲು, ಹಾರ, ಫಲತಾಂಬೂಲವನ್ನು ಆ ಹಾಳೆಯಿಂದ ಹೊರಗಿಡಿ. ಬೇಕೇಬೇಕೆಂದರೆ ಸದಸ್ಯರು ಕೈಯಿಂದ ಹಾಕಿಕೊಳ್ಳಲಿ. ಸದಸ್ಯರೊಬ್ಬರದೇ ಬಸ್ಸನ್ನೋ ಅಡುಗೆಯವರನ್ನೋ ಗೊತ್ತುಮಾಡುವುದಾದರೆ ಆ ಸಂಬಂಧವನ್ನು ಬರವಣಿಗೆಯಲ್ಲಿ ತಿಳಿಸಿ, ಇನ್ನಿಬ್ಬರಿಂದಲಾದರೂ ದರಪಟ್ಟಿ ತರಿಸಿಟ್ಟುಕೊಳ್ಳಿ. ಕಡಿಮೆ ದರಕ್ಕೇ ಮಾಡಿಕೊಟ್ಟಿದ್ದರೂ, ದಾಖಲೆಯಿಲ್ಲದಿದ್ದರೆ ಲೆಕ್ಕಪರಿಶೋಧನೆಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ.

ಕಂಪನಿಗಳ ಹಣ

2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ವೆಚ್ಚ ಮಾಡಬೇಕು. ಶಿಕ್ಷಣ ಆ ಪಟ್ಟಿಯಲ್ಲಿದೆ, ಆದ್ದರಿಂದ ನಾಯಕತ್ವ ತರಬೇತಿಯನ್ನು ಅದರಡಿ ಕೇಳಲು ದಾರಿಯುಂಟು. ಆದರೆ ಭಾರತದ ಹೊರಗೆ ನಡೆಯುವ ಚಟುವಟಿಕೆ ಸಿಎಸ್‌ಆರ್ ಆಗುವುದಿಲ್ಲ. ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸುವ ಕ್ರೀಡಾಪಟುಗಳ ತರಬೇತಿಗೆ ಮಾತ್ರ ವಿನಾಯಿತಿ. ನಮ್ಮ ಹುಡುಗಿ ಬ್ರೆಜಿಲ್ಲಿಗೆ ಹೋಗುವ ಖರ್ಚನ್ನು ಕಂಪನಿಯ ಮುಂದಿಟ್ಟರೆ ಅಲ್ಲಿಗೇ ಮಾತು ಮುಗಿಯುತ್ತದೆ. ಅವಳು ಹೊರಡುವ ಮುನ್ನ ಇಲ್ಲೇ ಪಡೆಯುವ ತರಬೇತಿಯನ್ನು, ಅದರಲ್ಲಿ ಕೂರುವ ಸರ್ಕಾರಿ ಶಾಲೆಯ ಮಕ್ಕಳ ಲೆಕ್ಕವನ್ನು ಮುಂದಿಟ್ಟರೆ ಮಾತುಕತೆಗೆ ಅವಕಾಶವಾಗುತ್ತದೆ.

ಪ್ರಚಾರದ ಲಾಭಕ್ಕಾಗಿ ಮಾಡುವ ಪ್ರಾಯೋಜನೆಯೂ ಸಿಎಸ್‌ಆರ್ ಅಲ್ಲ. ವೇದಿಕೆಯ ಹಿಂದೆ ಕಂಪನಿಯ ದೊಡ್ಡ ಬ್ಯಾನರು ಕಟ್ಟುತ್ತೇವೆಂದು ಪತ್ರದಲ್ಲಿ ಆಸೆ ತೋರಿಸಿದರೆ ನಾವೇ ನಮ್ಮ ಅರ್ಜಿಗೆ ಕಲ್ಲು ಹಾಕಿಕೊಂಡಂತೆ. ಬ್ಯಾನರು ಬೇಕೆನ್ನುವ ಕಂಪನಿಯನ್ನು ಅದರ ಜಾಹೀರಾತು ವಿಭಾಗದ ಮೂಲಕ ಬೇರೆಯಾಗಿಯೇ ಕೇಳಬೇಕು. ಇನ್ನು, ಹಣ ಪಡೆಯುವ ಟ್ರಸ್ಟೋ ಸಂಘವೋ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. 2021ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಅದಕ್ಕೆ ತೆರಿಗೆ ವಿನಾಯಿತಿಯ ನೋಂದಣಿಗಳೂ ಇಂಥ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಬೇಕು. ಕ್ಲಬ್ಬಿಗೆ ಅಂಥ ಟ್ರಸ್ಟು ಇಲ್ಲವಾದರೆ ಈ ವರ್ಷಕ್ಕೆ ಈ ಬಾಗಿಲನ್ನು ಬಿಟ್ಟುಬಿಡುವುದೇ ಲೇಸು.

ಊರಿನ ದಾನಿಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ಅವರನ್ನು ನೀವೇ ಬಲ್ಲಿರಿ. ತೆರಿಗೆ ರಿಯಾಯಿತಿಯ ಆಸೆಯನ್ನು ಮಾತ್ರ ಮುಂದೊಡ್ಡಬೇಡಿ: ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗೆ ದೇಣಿಗೆಯ ಮೇಲೆ ರಿಯಾಯಿತಿ ಸಿಗುವುದಿಲ್ಲ. ಒಟ್ಟು ಹಣವನ್ನು ಕೇಳುವುದಕ್ಕಿಂತ ‘ಒಬ್ಬ ಹುಡುಗಿಯ ನಾಲ್ಕು ದಿನ, 7,800 ರೂಪಾಯಿ’ ಎಂದು ಕೇಳಿದರೆ ಕೊಡುವವರು ಹೆಚ್ಚು.

ವಿದೇಶದಿಂದ ಬರುವ ಹಣ

ಅಂತರರಾಷ್ಟ್ರೀಯ ಕಾರ್ಯಕ್ರಮವೆಂದ ಮೇಲೆ ಹೊರಗಿನ ಕ್ಲಬ್ಬೋ ವಿದ್ಯಾರ್ಥಿಯ ತಂದೆತಾಯಿಯೋ ‘ಶಿಬಿರಕ್ಕೆ ನಾವೂ ಸ್ವಲ್ಪ ಕಳಿಸುತ್ತೇವೆ’ ಎನ್ನುವುದು ಸಹಜ. ಇಲ್ಲಿ ಬಹಳ ಎಚ್ಚರ ಬೇಕು. ವಿದೇಶಿ ಮೂಲದಿಂದ ದೇಣಿಗೆ ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿಯೋ ಪೂರ್ವಾನುಮತಿಯೋ ಇರಲೇಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಹೊಸದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿನ ನಿಗದಿತ ಖಾತೆಗೇ ಮೊದಲು ಬರಬೇಕು, ನೋಂದಣಿ ಇರುವ ಸಂಸ್ಥೆ ಪಡೆದದ್ದನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ‘ಪಕ್ಕದ ಟ್ರಸ್ಟಿನ ಖಾತೆಗೆ ತರಿಸಿಕೊಳ್ಳೋಣ’ ಎಂಬ ಉಪಾಯ ಆದ್ದರಿಂದಲೇ ಅಪಾಯ.

ಅಮೆರಿಕದಲ್ಲಿ ನೆಲೆಸಿದ ನಮ್ಮ ಕನ್ನಡಿಗರ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಇನ್ನೂ ಭಾರತದ ಪೌರನಾಗಿರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದವನು ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡು ಹೊಂದಿದ್ದರೂ ಅವನ ಹಣ ವಿದೇಶಿ ದೇಣಿಗೆಯೇ. ಹಾಗಾಗಿ ಬಾಲ್ಯದ ಗೆಳೆಯನೇ ಆದರೂ, ಹಣಕ್ಕೆ ಮೊದಲು ಪಾಸ್‌ಪೋರ್ಟಿನ ಬಣ್ಣ ಕೇಳುವುದು ಅನಿವಾರ್ಯ. ಹೊರಗಿನವರ ನೆರವನ್ನು ಬಳಸಲು ಸರಳವಾದ ದಾರಿಯೆಂದರೆ ಅವರು ಅದನ್ನು ಅಲ್ಲಿಯೇ ಖರ್ಚು ಮಾಡುವುದು: ತಮ್ಮ ವಿದ್ಯಾರ್ಥಿಯ ವಿಮೆ, ಟಿಕೆಟ್ಟು, ಹೊರಡುವ ಮುನ್ನದ ತರಬೇತಿ.

ಹಣ ಬಂದ ಮೇಲೆ

ನಮ್ಮ ಲೆಕ್ಕದ ಹಾಳೆಗೆ ಮರಳಿದರೆ, 40 ಶಿಬಿರಾರ್ಥಿಗಳಿಗೆ ಅವರವರ ಕ್ಲಬ್ಬುಗಳು ತಲೆಗೆ 4,000ದಂತೆ ಕೊಟ್ಟರೆ 1,60,000, ಜಿಲ್ಲಾ ಅನುದಾನ 90,000, ಉಳಿದ 62,000 ದಾನಿಗಳಿಂದ ಅಥವಾ ಕಂಪನಿಯಿಂದ. ಬಡ ಕುಟುಂಬದ ಮಕ್ಕಳಿಂದ ಶುಲ್ಕ ಕೇಳಬೇಡಿ, ಕ್ಲಬ್ಬೇ ಕೊಡಲಿ. ಒಂದೇ ಬಿಲ್ಲನ್ನು ಇಬ್ಬರಿಗೆ ತೋರಿಸುವ ತಪ್ಪಾಗದಂತೆ ಪ್ರತಿ ಬಿಲ್ಲಿನ ಮೇಲೂ ಹಣದ ಮೂಲವನ್ನು ಅಂದೇ ಬರೆದಿಡಿ, ದಾಖಲೆಗಳನ್ನು ಕನಿಷ್ಠ ಐದು ವರ್ಷ ಜೋಪಾನ ಮಾಡಿ. ಶಿಬಿರದಲ್ಲಿರುವ ಎಲ್ಲ ಹಿರಿಯರ ಹಿನ್ನೆಲೆಯ ಪರಿಶೀಲನೆ ಆಗಿರಬೇಕು; ಕಿರುಕುಳದ ದೂರು ಬಂದರೆ ಅದನ್ನು 72 ಗಂಟೆಯೊಳಗೆ ರೋಟರಿ ಇಂಟರ್‌ನ್ಯಾಷನಲ್‌ಗೆ ತಿಳಿಸಬೇಕೆಂಬ ನಿಯಮವಿದೆ. ದಾನಿಗಳಿಗೆ ಕಳಿಸುವ ಚಿತ್ರಗಳಿಗೆ ಪೋಷಕರ ಒಪ್ಪಿಗೆಯನ್ನು ಮೊದಲೇ ಪಡೆದಿರಿ.

ಶಿಬಿರ ಮುಗಿದ ಕೊನೆಯ ಮಧ್ಯಾಹ್ನ, ಬಸ್ಸು ಬರುವುದಕ್ಕೆ ಮೊದಲು, ಪ್ರತಿಯೊಬ್ಬರಿಂದಲೂ ಒಂದು ಪುಟ ಬರೆಸಿಕೊಳ್ಳಿ: ಏನು ಕಲಿತೆ, ಹಿಂತಿರುಗಿ ಹೋಗಿ ಏನು ಮಾಡುವೆ. ವರದಿಗೆ ಅದೇ ಜೀವ. ವಿನಿಮಯ ಮುಗಿಸಿದ ಹಳೆಯ ವಿದ್ಯಾರ್ಥಿಗಳ ರೊಟೆಕ್ಸ್ ಗುಂಪಿಗೂ ಅದನ್ನು ಕಳಿಸಿ. ಮುಂದಿನ ಶಿಬಿರಕ್ಕೆ ಅವರು ಸಂಭಾವನೆ ಕೇಳದೆ ತರಬೇತುದಾರರಾಗಿ ಬಂದರೆ ಹಾಳೆಯಲ್ಲಿರುವ 40,000ದ ಬಾಬು ಅರ್ಧಕ್ಕಿಳಿಯುತ್ತದೆ.